ಮಗುವಿನ ಆಪರೇಷನ್ ದಿನ

ಮಗುವಿಗೆ ಆಪರೇಷನ್ ಅಂದ ಕೂಡಲೆ ತಾಯಿಯ ಎದೆ ಧಸಕ್ಕೆನ್ನುತ್ತದೆ. ದೊಡ್ಡವರಾದರೆ ಹೇಗೋ ತಡೆದುಕೊಳ್ಳುತ್ತಾರೆ. ಇದು ಎಳೆ ಜೀವ. ಹಸಿದರೆ ಅಳುತ್ತದೆ. ಅಮ್ಮನ ಸೆರಗು ಬಿಟ್ಟರೆ ಅಳುತ್ತದೆ. ಅಂಥ ಮಗುವನ್ನು ಗುರುತಿಲ್ಲದವರ ಕೈಗೆ ಕೊಟ್ಟು ಬಾಗಿಲ ಹೊರಗೆ ಕೂತಿರಬೇಕು. "ನನ್ನಿಂದ ಏನಾಗುತ್ತೆ? ಎಲ್ಲಾ ಡಾಕ್ಟರು ನೋಡ್ಕೊಳ್ತಾರೆ" ಅಂತ ನಾವು ಸುಮ್ಮನಾಗಿಬಿಡುತ್ತೇವೆ.

ಆದರೆ ಆ ದಿನ ತಾಯಿಗೂ ಬಹಳ ಕೆಲಸ ಇದೆ. ಮಗು ಬೆಳಗ್ಗೆ ಏನು ತಿಂದಿತು? ರಾತ್ರಿ ಕೆಮ್ಮಿತೆ? ಯಾವ ಹಲ್ಲು ಅಲುಗಾಡುತ್ತಿದೆ? ಊತ ಯಾವ ಕಡೆ ಬರುತ್ತದೆ? ಇದೆಲ್ಲ ಡಾಕ್ಟರಿಗಿಂತ ತಾಯಿಗೇ ಚೆನ್ನಾಗಿ ಗೊತ್ತು. ಅವಳು ಬಾಯಿ ಬಿಟ್ಟು ಹೇಳಿದರೆ ಮಾತ್ರ ಅವರಿಗೆ ತಿಳಿಯುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿಯ ಮಗನಿಗೆ ಹರ್ನಿಯಾ ಆಪರೇಷನ್ ಆಯಿತು. ಹುಡುಗನಿಗೆ ಆರು ವರ್ಷ. ಒಂದನೇ ಕ್ಲಾಸು. ಅವನ ಅಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದ. ಹಾಗಾಗಿ ಜಿಲ್ಲಾ ಆಸ್ಪತ್ರೆಗೆ ಅವಳ ಜೊತೆ ನಾವಿಬ್ಬರು ಹೋದೆವು. ಅಲ್ಲಿ ಕಂಡದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಹರ್ನಿಯಾ ಅಂದರೆ ಏನು?

ಗಂಡು ಮಗು ತಾಯಿಯ ಗರ್ಭದಲ್ಲಿ ಬೆಳೆಯುವಾಗ ಅದರ ಬೀಜಗಳು ಮೊದಲು ಅದರ ಹೊಟ್ಟೆಯೊಳಗೇ ಇರುತ್ತವೆ. ಹುಟ್ಟುವ ಹೊತ್ತಿಗೆ ಅವು ಕೆಳಗಿನ ಚೀಲಕ್ಕೆ ಇಳಿಯುತ್ತವೆ. ಅವು ಇಳಿದು ಬಂದ ದಾರಿ ಆಮೇಲೆ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಅದು ಮುಚ್ಚುವುದಿಲ್ಲ. ಆ ದಾರಿಯಲ್ಲಿ ಕರುಳು ಜಾರಿ ಕೆಳಗೆ ಬರುತ್ತದೆ. ಮಗು ಅತ್ತಾಗ, ಕೆಮ್ಮಿದಾಗ, ಮುಕ್ಕಿದಾಗ ತೊಡೆಸಂದಿಯಲ್ಲಿ ಊತ ಕಾಣುತ್ತದೆ. ಮಲಗಿದಾಗ ಒಳಗೆ ಹೋಗುತ್ತದೆ. ಗಂಡು ಮಕ್ಕಳಲ್ಲಿ ಇದು ಹೆಚ್ಚು. ಹೆಣ್ಣು ಮಕ್ಕಳಿಗೂ ಬರುತ್ತದೆ, ಆದರೆ ಕಡಿಮೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಇನ್ನೂ ಹೆಚ್ಚು.

ಈ ಹುಡುಗನಿಗೆ ಮೂರು ವರ್ಷ ಇದ್ದಾಗಲೇ ಊತ ಕಂಡಿತ್ತು. ಅಜ್ಜಿ ಬಟ್ಟೆಯ ಪಟ್ಟಿ ಬಿಗಿದು ಕಟ್ಟಿದ್ದರು. "ಬೆಳೀತಾ ಬೆಳೀತಾ ಸರಿಹೋಗುತ್ತೆ" ಅಂದರು. ಅದು ಸರಿಹೋಗುವ ಕಾಯಿಲೆ ಅಲ್ಲ. ಪಟ್ಟಿ ಕಟ್ಟಿದರೆ ಒಳಗಿನ ದಾರಿ ಮುಚ್ಚುವುದಿಲ್ಲ. ಮದ್ದು, ಮಾತ್ರೆ, ಎಣ್ಣೆ ಯಾವುದಕ್ಕೂ ಅದು ಮುಚ್ಚುವುದಿಲ್ಲ. ಹೊಕ್ಕುಳ ಊತ ಬೇರೆ. ಅದು ಬಹಳ ಮಕ್ಕಳಲ್ಲಿ ಮೂರು ನಾಲ್ಕು ವರ್ಷದೊಳಗೆ ತಾನಾಗಿ ಮುಚ್ಚುತ್ತದೆ. ಅದಕ್ಕೆ ನಾಣ್ಯ ಇಟ್ಟು ಕಟ್ಟುವುದೂ ಬೇಕಿಲ್ಲ. ಅಜ್ಜಿ ನೋಡಿದ್ದು ಬಹುಶಃ ಅಂಥ ಹೊಕ್ಕುಳ ಊತ ವಾಸಿಯಾದದ್ದನ್ನು. ಹಾಗಾಗಿ ಇದೂ ವಾಸಿಯಾಗುತ್ತದೆ ಎಂದು ನಂಬಿದ್ದರು.

ಕಾಯುವುದರಲ್ಲಿ ಅಪಾಯ ಇದೆ. ಒಂದು ದಿನ ಇಳಿದ ಕರುಳು ಅಲ್ಲೇ ಸಿಕ್ಕಿಕೊಳ್ಳಬಹುದು. ಆಗ ಊತ ಗಟ್ಟಿಯಾಗುತ್ತದೆ. ಮುಟ್ಟಿದರೆ ಮಗು ಚೀರುತ್ತದೆ. ಒಳಗೆ ಹೋಗುವುದಿಲ್ಲ. ವಾಂತಿ ಶುರುವಾಗುತ್ತದೆ. ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗದೆ ಅದು ಕೊಳೆಯಬಹುದು. ಇಂಥ ಹೊತ್ತಿನಲ್ಲಿ ನಾಳೆ ನೋಡೋಣ ಅನ್ನಬಾರದು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಈ ಹುಡುಗನಿಗೆ ಅಂಥದ್ದು ಆಗಲಿಲ್ಲ. ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರು ಊತ ನೋಡಿ ಚೀಟಿ ಬರೆದುಕೊಟ್ಟರು. 2013ರಿಂದ ಇಂಥ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ನೋಡಿ ದಿನ ಗೊತ್ತು ಮಾಡಿದರು. ರಕ್ತ ಪರೀಕ್ಷೆ ಮಾಡಿದರು. ತೂಕ ನೋಡಿದರು. ಮಕ್ಕಳಿಗೆ ಔಷಧದ ಅಳತೆ ತೂಕದ ಮೇಲೆ. ಹಾಗಾಗಿ ತೂಕ ಸರಿಯಾಗಿ ಬರೆದಿದ್ದಾರೆಯೆ ಅಂತ ನಾವೂ ಒಮ್ಮೆ ನೋಡಬೇಕು.

ಖರ್ಚಿನ ಮಾತು ಎಲ್ಲರಿಗೂ ಬರುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಯಲ್ಲಿರಲಿ. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಸಿಗುತ್ತದೆ. ಬಸ್ಸಿನ ಖರ್ಚು, ಎರಡು ದಿನದ ಕೂಲಿ ಹೋಗುವುದು, ಅದು ನಮ್ಮದೇ.

ಮಗುವಿಗೆ ಏನು ಹೇಳುವುದು?

"ಜಾತ್ರೆಗೆ ಹೋಗೋಣ ಬಾ" ಅಂತ ಸುಳ್ಳು ಹೇಳಿ ಕರೆದುಕೊಂಡು ಬಂದವರನ್ನು ನಾವು ಅಲ್ಲಿ ನೋಡಿದೆವು. ಆ ಮಗು ಬಾಗಿಲಲ್ಲೇ ಹಟ ಹಿಡಿದು ನೆಲಕ್ಕೆ ಬಿತ್ತು. ಮನೆಯಲ್ಲಿ "ಅನ್ನ ತಿನ್ನದಿದ್ದರೆ ಡಾಕ್ಟರ ಹತ್ರ ಸೂಜಿ ಚುಚ್ಚಿಸ್ತೀನಿ" ಅಂತ ಹೆದರಿಸುತ್ತೇವಲ್ಲ, ಅದರ ಫಲವೂ ಇಲ್ಲೇ ಕಾಣುತ್ತದೆ. ಬಿಳಿ ಕೋಟು ಕಂಡರೆ ಸಾಕು, ಮಕ್ಕಳು ಓಡುತ್ತವೆ.

ನಮ್ಮ ಜೊತೆಗಾರ್ತಿ ಮಗನಿಗೆ ಎರಡು ದಿನ ಮೊದಲೇ ಇದ್ದದ್ದು ಇದ್ದಂತೆ ಹೇಳಿದ್ದಳು. "ನಿನ್ನ ಊತ ಸರಿಮಾಡ್ತಾರೆ ಕಂದ. ಮೂಗಿನ ಮೇಲೆ ಒಂದು ಬಟ್ಟಲು ಇಡ್ತಾರೆ. ನಿದ್ದೆ ಬರುತ್ತೆ. ಎದ್ದಾಗ ಸ್ವಲ್ಪ ನೋಯುತ್ತೆ. ನಾನು ಅಲ್ಲೇ ಇರ್ತೀನಿ."

"ನಿದ್ದೇಲಿ ನಂಗೆ ಗೊತ್ತಾಗಲ್ವಾ?"

"ಒಂಚೂರೂ ಗೊತ್ತಾಗಲ್ಲ."

ಇದು ನಿಜವಾದ ಮಾತು. ಹಿಂದೆ ಹೀಗಿರಲಿಲ್ಲ. ನಾಲ್ಕು ಜನ ಕೈಕಾಲು ಹಿಡಿದುಕೊಂಡು ಕೊಯ್ಯುತ್ತಿದ್ದ ಕಾಲ ಇತ್ತು. 1846ರಲ್ಲಿ ಅಮೆರಿಕದ ಬಾಸ್ಟನ್ ಊರಿನಲ್ಲಿ ಮಾರ್ಟನ್ ಎಂಬ ಹಲ್ಲಿನ ವೈದ್ಯ ಈಥರ್ ಎಂಬ ಔಷಧದ ಹಬೆ ಉಸಿರಾಡಿಸಿ ರೋಗಿಯ ಅರಿವು ತಪ್ಪಿಸಿದ. ಬೇರೊಬ್ಬ ಡಾಕ್ಟರು ಆ ರೋಗಿಯ ಕತ್ತಿನ ಗಡ್ಡೆಗೆ ಆಪರೇಷನ್ ಮಾಡಿದರು. ಎಲ್ಲರೂ ನೋಡುತ್ತಿದ್ದರು. ಅಲ್ಲಿಂದ ಮುಂದೆ ಈ ವಿದ್ಯೆ ಲೋಕಕ್ಕೆಲ್ಲ ಹಬ್ಬಿತು. ಈಗ ಇದಕ್ಕೇ ಓದಿದ ಡಾಕ್ಟರು ಇದ್ದಾರೆ. ಅವರನ್ನು ಅರಿವಳಿಕೆ ಡಾಕ್ಟರು ಅನ್ನುತ್ತಾರೆ.

ಹೊಟ್ಟೆ ಖಾಲಿ ಏಕಿರಬೇಕು?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಆ ದಿನದ ಎಲ್ಲ ಮಾತಿಗಿಂತ ಇದು ದೊಡ್ಡದು.

ಊಟ ಮಾಡುವಾಗ ಒಂದು ಅಗುಳು ನೆತ್ತಿಗೆ ಹತ್ತಿದರೆ ಏನು ಮಾಡುತ್ತೇವೆ? ಕೆಮ್ಮಿ ಕೆಮ್ಮಿ ಹೊರಗೆ ಹಾಕುತ್ತೇವೆ. ಕಣ್ಣಲ್ಲಿ ನೀರು ಬರುತ್ತದೆ, ಆದರೆ ಉಳಿದುಕೊಳ್ಳುತ್ತೇವೆ. ಅರಿವಳಿಕೆ ಕೊಟ್ಟಾಗ ಆ ಕೆಮ್ಮೂ ಮಲಗಿಬಿಡುತ್ತದೆ. ಹೊಟ್ಟೆಯ ಮೇಲಿನ ಬಾಯಿ ಸಡಿಲವಾಗುತ್ತದೆ. ಹೊಟ್ಟೆಯಲ್ಲಿ ಅನ್ನ, ಹಾಲು ಇದ್ದರೆ ಮೇಲಕ್ಕೆ ಬಂದು ಉಸಿರಿನ ಕೊಳವೆಗೆ ಇಳಿಯಬಹುದು. ಶ್ವಾಸಕೋಶ ಕೆಡುತ್ತದೆ. ಮಗುವಿನ ಪ್ರಾಣಕ್ಕೇ ಬರಬಹುದು.

ಅದಕ್ಕೇ ಡಾಕ್ಟರು ಹೊತ್ತು ಹೇಳುತ್ತಾರೆ. ಸಾಮಾನ್ಯವಾಗಿ ಅನ್ನ, ಮುದ್ದೆ, ರೊಟ್ಟಿ, ಬಿಸ್ಕತ್ತು, ಹಸುವಿನ ಹಾಲು ಇವನ್ನು ಆಪರೇಷನ್‌ಗೆ 6 ಗಂಟೆ ಮೊದಲೇ ನಿಲ್ಲಿಸಬೇಕು. ಕರಿದದ್ದು, ಮಾಂಸದ ಊಟ ಆದರೆ ಇನ್ನೂ ಮೊದಲು. ತಾಯಿಯ ಹಾಲನ್ನು 4 ಗಂಟೆ ಮೊದಲು. ಬರೀ ನೀರನ್ನು 2 ಗಂಟೆ ಮೊದಲಿನವರೆಗೂ ಕೊಡಬಹುದು. ನಿಮ್ಮ ಆಸ್ಪತ್ರೆಯವರು ಹೇಳಿದ ಹೊತ್ತೇ ನಿಮಗೆ ಲೆಕ್ಕ. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. "ಬೆಳಗಿನ ಜಾವ" ಅಂದರೆ ಸಾಲದು. ಎಷ್ಟು ಗಂಟೆ ಅಂತ ಕೇಳಿ.

ಹಾಲು ನೀರಲ್ಲವೆ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಹಾಲು ಹೊಟ್ಟೆಗೆ ಹೋದ ಮೇಲೆ ಒಡೆದು ಗಟ್ಟಿಯಾಗುತ್ತದೆ. ಚಹಾದಲ್ಲಿ ಹಾಲಿದ್ದರೆ ಅದೂ ಹಾಲೇ.

ನಾವಿದ್ದ ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ಇನ್ನೊಂದು ಹುಡುಗ ಬಂದಿದ್ದ. ದಾರಿಯಲ್ಲಿ ಅವನು ಹಸಿವು ಅಂತ ಅತ್ತಿದ್ದ. ಬಸ್ಸಿನಲ್ಲಿ ಅಜ್ಜಿ ಯಾರಿಗೂ ಕಾಣದ ಹಾಗೆ ಎರಡು ಬಿಸ್ಕತ್ತು ಕೊಟ್ಟಿದ್ದರು. ಅಜ್ಜಿಯ ಕರುಳು, ಏನು ಮಾಡುವುದು? ತಾಯಿಗೆ ಗೊತ್ತಾದದ್ದು ಆಸ್ಪತ್ರೆಗೆ ಬಂದ ಮೇಲೆ. ಗಂಡ "ಹೇಳಬೇಡ, ಮತ್ತೆ ಇನ್ನೊಂದು ದಿನ ಕೂಲಿ ಹೋಗುತ್ತೆ" ಅಂದ. ಅವಳು ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಸಿಸ್ಟರ್ ಹತ್ತಿರ ಹೋಗಿ ಹೇಳಿಬಿಟ್ಟಳು.

ಅರಿವಳಿಕೆ ಡಾಕ್ಟರಮ್ಮ ಬಂದರು. ಬೈಯುತ್ತಾರೆ ಅಂತ ನಾವೂ ಕಾದಿದ್ದೆವು. ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮಾ. ನಾಳೆ ಬೆಳಗ್ಗೆ ಮೊದಲನೇದಾಗಿ ಮಾಡ್ತೀವಿ" ಅಂದರು. ಮಗುವಿಗೆ ಊಟ ಕೊಡಿಸಿದರು. ಮಾರನೇ ದಿನ ಆಪರೇಷನ್ ಆಯಿತು.

ಇನ್ನೊಂದು ಮಾತು. ಉಪವಾಸ ಇರಬೇಕಾದದ್ದು ಮಗು. ತಾಯಿ ಅಲ್ಲ. "ನನ್ ಮಗ ತಿನ್ನದೆ ನಾನ್ ಹೆಂಗ್ ತಿನ್ಲಿ" ಅಂತ ನಮ್ಮ ಜೊತೆಗಾರ್ತಿ ರಾತ್ರಿಯಿಂದ ನೀರೂ ಕುಡಿದಿರಲಿಲ್ಲ. ಹತ್ತು ಗಂಟೆಗೆ ತಲೆಸುತ್ತಿ ಗೋಡೆ ಹಿಡಿದು ಕೂತಳು. ಒಬ್ಬರು ಮಗುವಿನ ಹತ್ತಿರ ಇದ್ದು, ಒಬ್ಬರು ಹೊರಗೆ ಹೋಗಿ ಮಗುವಿಗೆ ಕಾಣದಂತೆ ತಿಂದು ಬರಬೇಕು. ತಾಯಿ ಗಟ್ಟಿಯಾಗಿದ್ದರೆ ತಾನೆ ಮಗುವನ್ನು ಎತ್ತಿಕೊಳ್ಳುವುದು?

ಕೇಳದಿದ್ದರೂ ಹೇಳಬೇಕಾದ ಮಾತುಗಳು

ಮಗುವಿಗೆ ನೆಗಡಿ, ಕೆಮ್ಮು, ಜ್ವರ ಇದ್ದರೆ ಹೇಳಿ. ಕಫ ಇದ್ದಾಗ ಅರಿವಳಿಕೆ ಕೊಟ್ಟರೆ ಉಸಿರಿಗೆ ತೊಂದರೆ ಬರಬಹುದು. ಎರಡು ಮೂರು ವಾರ ಮುಂದಕ್ಕೆ ಹಾಕಬಹುದು. ಹಿಂದೆ ಯಾವುದಾದರೂ ಔಷಧಕ್ಕೆ ಮೈಮೇಲೆ ಗಂದೆ ಎದ್ದಿದ್ದರೆ ಹೇಳಿ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಹೇಳಿ. ಫಿಟ್ಸು, ಉಬ್ಬಸ ಇದ್ದರೆ ಹೇಳಿ. ನಾಟಿ ಔಷಧ ಕೊಟ್ಟಿದ್ದರೆ ಅದನ್ನೂ ಹೇಳಿ.

ಈ ಹುಡುಗನ ಮುಂದಿನ ಹಲ್ಲು ಅಲುಗಾಡುತ್ತಿತ್ತು. "ಇದನ್ನೂ ಹೇಳಬೇಕಾ?" ಅಂತ ತಾಯಿ ನಾಚಿಕೊಂಡಳು. ಹೇಳಲೇಬೇಕು. ಬಾಯಿಯ ಮೂಲಕ ಕೊಳವೆ ಹಾಕುವಾಗ ಆ ಹಲ್ಲು ಕಳಚಿ ಉಸಿರಿನ ದಾರಿಗೆ ಬೀಳಬಹುದು. ಡಾಕ್ಟರಮ್ಮ ಬಾಯಿ ತೆರೆಸಿ ನೋಡಿ ಕಾಗದದಲ್ಲಿ ಬರೆದುಕೊಂಡರು.

ಬಳೆ, ಉಡಿದಾರ, ತಾಯತ, ಕಾಲ್ಗೆಜ್ಜೆ ಎಲ್ಲ ಬಿಚ್ಚಿಸುತ್ತಾರೆ. ಒಳಗೆ ರಕ್ತ ನಿಲ್ಲಿಸಲು ಕರೆಂಟಿನ ಸಾಧನ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಸುಡಬಹುದು. ತಾಯತ ಬಿಚ್ಚಲು ಮನಸ್ಸಿಲ್ಲದಿದ್ದರೆ ಅದನ್ನು ತಾಯಿಯೇ ಕೈಯಲ್ಲಿ ಹಿಡಿದುಕೊಂಡು ಹೊರಗೆ ಕೂತಿರಲಿ. ಉಗುರಿನ ಬಣ್ಣ ಅಳಿಸಬೇಕು. ಬೆರಳಿಗೆ ಸಿಕ್ಕಿಸುವ ಚಿಕ್ಕ ಯಂತ್ರ ಉಗುರಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ನೋಡುತ್ತದೆ. 2020, 2021ರ ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ನಮ್ಮ ಬೆರಳಿಗೂ ಅದನ್ನೇ ಹಾಕಿದ್ದರು. ನೆನಪಿದೆಯೆ?

ಒಪ್ಪಿಗೆ ಪತ್ರ

ಆಪರೇಷನ್‌ಗೆ ಮೊದಲು ಒಂದು ಕಾಗದ ಕೊಡುತ್ತಾರೆ. ಅದೇ ಒಪ್ಪಿಗೆ ಪತ್ರ. ಮಗುವಿನ ಪರವಾಗಿ ತಂದೆಯೋ ತಾಯಿಯೋ ಸಹಿ ಹಾಕಬೇಕು. ಬೆಳಗಿನ ಹೊತ್ತು. ಗಡಿಬಿಡಿ. ಕಾಗದ ತಂದವರು ಸಾಲಿನ ಕೊನೆಯಲ್ಲಿ ಬೆರಳಿಟ್ಟು "ಇಲ್ಲಿ ಹೆಬ್ಬೆಟ್ಟು ಒತ್ತಮ್ಮಾ" ಅಂದರು.

"ನಾನು ಸಹಿ ಮಾಡ್ತೀನಿ. ಮೊದಲು ಓದ್ತೀನಿ" ಅಂದಳು ನಮ್ಮ ಜೊತೆಗಾರ್ತಿ.

ಓದುವುದಕ್ಕೆ ಹೊತ್ತು ಹಿಡಿಯಿತು. ಅವಳಿನ್ನೂ ಅಕ್ಷರ ಕೂಡಿಸಿ ಓದುವವಳು. ತಂದವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದರು. ಮಗನ ಹೆಸರು ಸರಿ ಇತ್ತು. ವಯಸ್ಸು ಸರಿ ಇತ್ತು. ಆಮೇಲೆ ಒಂದು ಜಾಗದಲ್ಲಿ ಅವಳ ಬೆರಳು ನಿಂತಿತು. ಎರಡು ಸಲ ಓದಿದಳು.

"ಇಲ್ಲಿ ಎಡ ಅಂತ ಬರೆದೈತೆ. ನನ್ ಮಗಂಗೆ ಬಲಗಡೆ."

ಸಿಸ್ಟರ್ ಬಂದರು. ಹಳೆಯ ಚೀಟಿ ತೆಗೆದು ನೋಡಿದರು. ಅದರಲ್ಲಿ ಬಲ ಅಂತಲೇ ಇತ್ತು. ಹೊಸ ಕಾಗದ ತುಂಬುವಾಗ ತಪ್ಪಾಗಿತ್ತು. ಡಾಕ್ಟರು ಬಂದು ಹುಡುಗನನ್ನು ನಿಲ್ಲಿಸಿ ಕೆಮ್ಮಿಸಿ ನೋಡಿದರು. ಬಲಗಡೆ ಊತ ಬಂತು. ಅಲ್ಲಿ ಪೆನ್ನಿನಿಂದ ಗುರುತು ಹಾಕಿದರು. ಕಾಗದ ಬದಲಾಯಿಸಿದರು. "ಚೆನ್ನಾಗಿ ನೋಡಿದ್ರಿ ಅಮ್ಮಾ" ಅಂದರು.

ಆ ತಪ್ಪು ಒಳಗೆ ಹೋದ ಮೇಲೂ ಸಿಗುತ್ತಿತ್ತೇನೋ. ಏಕೆಂದರೆ ಅಲ್ಲಿ ಮತ್ತೆ ಮತ್ತೆ ಕೇಳುವ ಪದ್ಧತಿ ಇದೆ. ಮಗುವಿನ ಹೆಸರೇನು? ಯಾವ ಆಪರೇಷನ್? ಯಾವ ಕಡೆ? ವಾರ್ಡಿನಲ್ಲಿ ಒಬ್ಬರು ಕೇಳುತ್ತಾರೆ. ಬಾಗಿಲಲ್ಲಿ ಒಬ್ಬರು ಕೇಳುತ್ತಾರೆ. ಒಳಗೆ ಮತ್ತೊಬ್ಬರು. "ಎಷ್ಟು ಸಲ ಹೇಳೋದು, ಇವರಿಗೆ ಮರೆವಾ?" ಅಂತ ನಮಗೆ ಅನಿಸಿತು. ಮರೆವಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್‌ಗೆ ಒಂದು ತಪಾಸಣೆ ಪಟ್ಟಿ ಮಾಡಿತು. ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು ಬಾಯಿಬಿಟ್ಟು ಕೇಳಿ ಖಾತ್ರಿ ಮಾಡಿಕೊಳ್ಳಬೇಕು ಅಂತ ಅದರಲ್ಲಿದೆ. ಹತ್ತು ಸಲ ಕೇಳಿದರೆ ಹತ್ತು ಸಲ ಹೇಳಿ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ? ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಏನು ಮಾಡುತ್ತಾರೆ, ಅಪಾಯ ಏನು, ಮಾಡಿಸದಿದ್ದರೆ ಏನಾಗುತ್ತದೆ, ಇದನ್ನು ಕೇಳುವ ಹಕ್ಕು ನಮಗಿದೆ. 2008ರಲ್ಲೇ ಸುಪ್ರೀಂ ಕೋರ್ಟು ಒಬ್ಬ ಹೆಣ್ಣುಮಗಳ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿತು. ಆಕೆ ಪರೀಕ್ಷೆಗೆ ಒಪ್ಪಿ ಮಲಗಿದ್ದಳು. ಅರಿವಿಲ್ಲದಿದ್ದಾಗ ಆಕೆಯ ತಾಯಿಯನ್ನು ಕೇಳಿ ಗರ್ಭಕೋಶ ತೆಗೆದಿದ್ದರು. ವಿಷಯ ತಿಳಿಸಿಯೇ ಒಪ್ಪಿಗೆ ಪಡೆಯಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ, ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆ ಮಾತು ಅಂತ ಕೋರ್ಟು ಹೇಳಿತು.

ಬಾಗಿಲಿನ ಒಳಗೆ

ಬೆಳಗ್ಗೆ 9 ಗಂಟೆ 40 ನಿಮಿಷಕ್ಕೆ ಹುಡುಗನನ್ನು ಒಳಗೆ ಕರೆದುಕೊಂಡರು. ಹಸಿರು ಅಂಗಿ, ತಲೆಗೆ ಟೋಪಿ. ಅವನು ಅಳಲಿಲ್ಲ. ಅಳುತ್ತಿದ್ದವಳು ತಾಯಿ.

ಒಳಗೆ ಏನಾಗುತ್ತದೆ? ಬೆರಳಿಗೆ ಆ ಯಂತ್ರ, ಎದೆಗೆ ಅಂಟು ಪಟ್ಟಿ, ತೋಳಿಗೆ ಬಿ.ಪಿ. ಪಟ್ಟಿ ಹಾಕುತ್ತಾರೆ. ಮೂಗು ಬಾಯಿ ಮುಚ್ಚುವ ಬಟ್ಟಲು ಇಟ್ಟು ಔಷಧದ ಗಾಳಿ ಕೊಡುತ್ತಾರೆ, ಇಲ್ಲವೆ ಕೈಯ ನರಕ್ಕೆ ಔಷಧ ಕೊಡುತ್ತಾರೆ. ಮಗು ಮಲಗುತ್ತದೆ. ಮತ್ತೆ ಏಳುವವರೆಗೂ ಅರಿವಳಿಕೆ ಡಾಕ್ಟರು ತಲೆಯ ಹತ್ತಿರದಿಂದ ಕದಲುವುದಿಲ್ಲ. ತೊಡೆಸಂದಿಯ ಮಡಿಕೆಯಲ್ಲಿ ಸುಮಾರು ಒಂದು ಅಂಗುಲ ಕೊಯ್ಯುತ್ತಾರೆ. ಕರುಳನ್ನು ಒಳಗೆ ಸೇರಿಸಿ, ತೆರೆದ ದಾರಿಯನ್ನು ದಾರದಿಂದ ಕಟ್ಟಿ ಮುಚ್ಚುತ್ತಾರೆ. ದೊಡ್ಡವರ ಹರ್ನಿಯಾಕ್ಕೆ ಬಲೆ ಇಡುವುದುಂಟು. ಮಕ್ಕಳಿಗೆ ಸಾಮಾನ್ಯವಾಗಿ ಅದು ಬೇಡ.

ಆಪರೇಷನ್‌ಗೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಆದರೆ ಮಲಗಿಸುವುದಕ್ಕೆ, ಎಬ್ಬಿಸುವುದಕ್ಕೆ ಹೊತ್ತು ಬೇಕು. ಒಂದು ಗಂಟೆ ಆಯಿತು, ಇನ್ನೂ ಬರಲಿಲ್ಲ ಅಂತ ನಮ್ಮ ಜೊತೆಗಾರ್ತಿ ಬಾಗಿಲಿಗೂ ಬೆಂಚಿಗೂ ಅಲೆದಳು. ದೇವರಿಗೆ ಹರಕೆ ಹೊತ್ತಳು. ಮೊದಲೇ "ಒಟ್ಟು ಎಷ್ಟು ಹೊತ್ತಾಗುತ್ತೆ?" ಅಂತ ಕೇಳಿಕೊಂಡಿದ್ದರೆ ಈ ಸಂಕಟ ಅರ್ಧ ಕಡಿಮೆಯಾಗುತ್ತದೆ.

11 ಗಂಟೆ 15 ನಿಮಿಷಕ್ಕೆ ಕರೆದರು. ಹುಡುಗ ಕಣ್ಣು ಬಿಟ್ಟಿದ್ದ. ಆದರೆ ತಾಯಿಯನ್ನು ಗುರುತಿಸಲಿಲ್ಲ. ಕಾಲು ಝಾಡಿಸಿದ. ಕಿರುಚಿದ. ಅವಳನ್ನೇ ತಳ್ಳಿದ. "ನನ್ ಮಗಂಗೆ ಏನಾಯ್ತು?" ಅಂತ ಅವಳು ಗಾಬರಿಯಾದಳು. ಸಿಸ್ಟರ್ ಸಮಾಧಾನ ಮಾಡಿದರು. ಅರಿವಳಿಕೆಯಿಂದ ಏಳುವಾಗ ಕೆಲವು ಮಕ್ಕಳು ಹೀಗೆ ಮಾಡುತ್ತವೆ. ಅರ್ಧ ಎಚ್ಚರ, ಅರ್ಧ ನಿದ್ದೆ. ಆಮೇಲೆ ಅದು ಅವಕ್ಕೆ ನೆನಪಿರುವುದಿಲ್ಲ. ಬೀಳದ ಹಾಗೆ, ಕೈಗೆ ಹಾಕಿದ ಸೂಜಿ ಕೀಳದ ಹಾಗೆ ಹಿಡಿದುಕೊಂಡು ಮೆಲ್ಲಗೆ ಹೆಸರು ಕರೆಯುತ್ತಿರಬೇಕು. ಇಪ್ಪತ್ತು ನಿಮಿಷಕ್ಕೆ ಅವನು ಸುಮ್ಮನಾದ. "ಅವ್ವಾ, ನೀರು" ಅಂದ.

ಸಿಸ್ಟರ್ ಹೇಳಿದ ಮೇಲೆ ಗುಟುಕು ಗುಟುಕಾಗಿ ನೀರು ಕೊಟ್ಟೆವು. ಒಂದು ಸಲ ವಾಂತಿ ಆಯಿತು. ಒಂದೆರಡು ಸಲ ಆದರೆ ಹೆದರಬೇಕಿಲ್ಲ. ಸಂಜೆ ಮೆತ್ತಗಿನ ಅನ್ನ ತಿಂದ. ಊರು ಹತ್ತಿರ ಇದ್ದವರನ್ನು ಅದೇ ದಿನ ಕಳಿಸುತ್ತಾರೆ. ನಮ್ಮದು ದೂರ. ಒಂದು ರಾತ್ರಿ ಇರಿಸಿಕೊಂಡರು.

ಮನೆಗೆ ಬಂದ ಮೇಲೆ

ನೋವಿನ ಔಷಧವನ್ನು ಚೀಟಿಯಲ್ಲಿ ಬರೆದ ಅಳತೆಗೆ, ಬರೆದ ಹೊತ್ತಿಗೆ ಕೊಡಬೇಕು. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ. ಅಡುಗೆ ಮನೆಯ ಚಮಚ ಒಂದೊಂದು ಒಂದೊಂದು ಗಾತ್ರ. ಗಾಯದ ಮೇಲೆ ಅರಿಶಿನ, ಬೂದಿ, ಎಣ್ಣೆ ಹಚ್ಚಬೇಡಿ. ಡಾಕ್ಟರು ಹೇಳುವವರೆಗೆ ಗಾಯ ನೆನೆಸಬೇಡಿ. ಮೈ ಒರೆಸಿದರೆ ಸಾಕು. ಬೀಜದ ಚೀಲ ಸ್ವಲ್ಪ ಊದಿಕೊಂಡಿರಬಹುದು. ಕೆಲವು ದಿನದಲ್ಲಿ ಇಳಿಯುತ್ತದೆ.

ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಬಂದರೆ, ರಕ್ತ ಸೋರಿದರೆ, ಉಚ್ಚೆ ಹೋಗದಿದ್ದರೆ, ವಾಂತಿ ನಿಲ್ಲದಿದ್ದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ದಿನಕ್ಕೇ ಈ ಹುಡುಗ ಅಂಗಳಕ್ಕೆ ಓಡಲು ನೋಡಿದ. ಅವನನ್ನು ತಡೆಯುವುದೇ ಅಜ್ಜಿಗೆ ಕೆಲಸವಾಯಿತು. ಸೈಕಲ್ಲು, ಮರ ಹತ್ತುವುದು, ಕುಸ್ತಿ ಆಟ ಡಾಕ್ಟರು ಹೇಳುವವರೆಗೆ ಬೇಡ. ಹೊಲಿಗೆ ಒಳಗೇ ಕರಗುವ ದಾರದ್ದಾದರೆ ಬಿಚ್ಚಬೇಕಿಲ್ಲ. ಬಿಚ್ಚುವುದಾದರೆ ಚೀಟಿಯಲ್ಲಿ ದಿನ ಬರೆದಿರುತ್ತಾರೆ. ಆ ಚೀಟಿ ಕಳೆಯಬೇಡಿ. ಒಂದು ಕಡೆ ಆಪರೇಷನ್ ಆದ ಕೆಲವು ಮಕ್ಕಳಿಗೆ ಮುಂದೆ ಇನ್ನೊಂದು ಕಡೆಯೂ ಊತ ಬರುವುದುಂಟು. ಸ್ನಾನ ಮಾಡಿಸುವಾಗ ಆಗಾಗ ಎರಡೂ ಕಡೆ ನೋಡುತ್ತಿರಿ. ಕಂಡರೆ ಅದೇ ಚೀಟಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.